ಸೈಕಲ್ ತುಳಿಯೋರ ಬಟ್ಟೆ ಕಂಡ್ರೆ ರಸ್ತೇಲಿ ಯಾಕಿಷ್ಟು ಸಿಟ್ಟು?

ಕೋಣನಕುಂಟೆ_ಪೆಡಲ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಬೆಂಗಳೂರಲ್ಲಿ ಕೋಣನಕುಂಟೆ ಕ್ರಾಸಿಂದ ರಿಚ್ಮಂಡ್ ಸರ್ಕಲ್ ಹತ್ತಿರ ಇರೋ ಆಫೀಸಿಗೆ ಸೈಕಲ್ಲಲ್ಲೇ ಹೋಗಿ ಬರ್ತಿದೀನಿ. ಒಂದು ಕಡೆಗೆ ಸುಮಾರು 12 ಕಿ.ಮೀ. ಇಷ್ಟು ದಿನ ಮನಸ್ಸಲ್ಲೇ ಇಟ್ಕೊಂಡಿದ್ದನ್ನ ಇವತ್ತು ಬರೀಲೇಬೇಕು ಅನ್ನಿಸಿದೆ.

ಮೊನ್ನೆ ಮಂಗಳವಾರ ಬೆಳಗ್ಗೆ ಸಾರಕ್ಕಿ ಸಿಗ್ನಲ್ಲಲ್ಲಿ ನಿಂತಿದ್ದೆ. ಮೊಣಕಾಲಿನ ತನಕ ಬರೋ ಸೈಕ್ಲಿಂಗ್ ಚಡ್ಡಿ, ಹಳದಿ ಜೆರ್ಸಿ, ಹೆಲ್ಮೆಟ್. ಪಕ್ಕದ ಕಾರಿನ ಗಾಜು ಇಳೀತು. ಒಳಗಿದ್ದವರಿಗೆ ನಮ್ಮ ತಂದೆ ವಯಸ್ಸು. "ಏನಮ್ಮ, ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ? ರೋಡಿಗೆ ಬರೋ ಬಟ್ಟೆನಾ ಇದು?" ನಾನು ಏನೂ ಹೇಳಲಿಲ್ಲ. ಹಸಿರು ಬಿತ್ತು. ಕಾರು ನನ್ನ ಹ್ಯಾಂಡಲ್ಲಿಗೆ ಒಂದು ಗೇಣು ಬಿಟ್ಟು ಎಡಕ್ಕೆ ಒತ್ಕೊಂಡು ಹೋಯ್ತು. ಆ ಮಾತನ್ನ ಸಂಜೆ ಹೊತ್ತಿಗೆ ಮರೆತಿದ್ದೆ. ಆ ಗೇಣು ಜಾಗ ಮಾತ್ರ ಈಗ ಕಣ್ಣು ಮುಚ್ಚಿದರೂ ಕಾಣುತ್ತೆ.

ಅದೇ ಸಿಗ್ನಲ್ಲಲ್ಲಿ ನನ್ನ ಮುಂದೆ ಹೂವಿನವರೊಬ್ಬರು ಇದ್ದರು. ಕ್ಯಾರಿಯರ್ ಮೇಲೆ ಬುಟ್ಟಿ, ಅದರ ಮೇಲೆ ಒದ್ದೆ ಗೋಣಿ, ನೀರು ತೊಟ್ಟಿಕ್ಕಿ ಹಿಂದಿನ ಮಡ್‌ಗಾರ್ಡ್ ಮೇಲೆಲ್ಲ ಸೇವಂತಿಗೆ ಎಸಳು. ಲುಂಗಿ ಮಡಚಿ ಕಟ್ಟಿದ್ದರು, ಅವರ ಮೊಣಕಾಲೂ ಕಾಣ್ತಿತ್ತು. ಅವರಿಗೆ ಯಾರೂ ಬಟ್ಟೆ ಬಗ್ಗೆ ಹೇಳಲಿಲ್ಲ. ಹಾಗಂತ ಜಾಗಾನೂ ಬಿಡಲಿಲ್ಲ. ಹಿಂದಿಂದ ಹಾರ್ನ್ ಮೇಲೆ ಹಾರ್ನ್. ಕೊನೆಗೆ ಅವರು ಇಳಿದು, ಚರಂಡಿ ಜಾಲರಿ ಪಕ್ಕ ಸೈಕಲ್ ತಳ್ಕೊಂಡು ಹೋದರು.

ನನ್ನನ್ನ ಕಾಡ್ತಿರೋದು ಇದು: ನಾವು ಹಾಕೋ ಬಟ್ಟೆಗೂ ರಸ್ತೇಲಿ ನಮಗೆ ಸಿಗೋ ಜಾಗಕ್ಕೂ ಏನು ಸಂಬಂಧ? ನಿಮ್ಮ ಅನುಭವ ಬರೀರಿ. ನಮ್ಮ ಕಡೆ ತಪ್ಪಿದ್ದರೆ ಅದನ್ನೂ ಬರೀರಿ, ಕೇಳೋಕೆ ತಯಾರಿದೀನಿ.

ಜಯನಗರ_4ನೇ_ಬ್ಲಾಕ್

ಬೇಜಾರು ಮಾಡ್ಕೋಬೇಡಿ. ಆ ಹಿರಿಯರು ಹೇಳಿದ ರೀತಿ ತಪ್ಪು, ಕಾರು ಒತ್ತಿದ್ದು ಇನ್ನೂ ದೊಡ್ಡ ತಪ್ಪು. ಆದರೆ ನಮ್ಮ ಊರಿನ ಕಣ್ಣಿಗೆ ಒಗ್ಗೋ ಹಾಗೆ ಒಂದು ಚೂಡಿದಾರ್ ಹಾಕ್ಕೊಂಡು ತುಳಿದರೆ ಅರ್ಧ ತೊಂದರೆ ತಪ್ಪುತ್ತಲ್ವಾ? ನನ್ನ ಮಗಳಿಗೂ ಇದನ್ನೇ ಹೇಳ್ತೀನಿ. ಅವಳ ಮೇಲಿನ ಅಕ್ಕರೆಗೆ ಹೇಳೋದು, ಬೇರೇನಿಲ್ಲ.

ಕೋಣನಕುಂಟೆ_ಪೆಡಲ್

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತೆ. ನಾನು ಚೂಡಿದಾರಲ್ಲೂ ತುಳಿದಿದೀನಿ, ಮೊದಲ ವರ್ಷ ಪೂರ್ತಿ. ದುಪಟ್ಟಾ ಒಂದು ಸಲ ಹಿಂದಿನ ಚಕ್ರಕ್ಕೆ ಸಿಕ್ಕಿ ಯಡಿಯೂರು ಕೆರೆ ಹತ್ತಿರ ಬಿದ್ದೆ. ಆಮೇಲೆ ದುಪಟ್ಟಾ ಬಿಟ್ಟೆ. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿ ಹರಿಯೋದು, ಗ್ರೀಸ್ ಕಲೆ, ಬೆವರಿಗೆ ತೊಡೆ ಉಜ್ಜಿ ಗಾಯ. ದಿನಕ್ಕೆ 24 ಕಿ.ಮೀ. ತುಳಿಯೋರಿಗೆ ಇದೆಲ್ಲ ಸಣ್ಣ ವಿಷಯ ಅಲ್ಲ.

ಇನ್ನೊಂದು ನಿಜಾನೂ ಹೇಳಿಬಿಡ್ತೀನಿ. ಚೂಡಿದಾರಲ್ಲಿ ಹೋಗ್ತಿದ್ದಾಗ ಆಟೋದವರು "ಹುಷಾರು ಕಣಮ್ಮ" ಅಂತ ಸ್ವಲ್ಪ ಬಳಸಿಕೊಂಡು ಹೋಗ್ತಿದ್ದರು. ಜೆರ್ಸಿ ಹಾಕಿದ ಮೇಲೆ ಆ ಮಾತೂ ಹೋಯ್ತು, ಆ ಜಾಗಾನೂ ಹೋಯ್ತು. ಅದೇ ನಾನು, ಅದೇ ಸೈಕಲ್ಲು, ಅದೇ ರಸ್ತೆ.

ನಂದಿ_ರಸ್ತೆ_ನಿವಾಸಿ

ತಪ್ಪಿದ್ದರೆ ಬರೀರಿ ಅಂದ್ರಲ್ಲ, ಬರೀತೀನಿ. ನಮ್ಮ ಮನೆ ನಂದಿ ಬೆಟ್ಟಕ್ಕೆ ಹೋಗೋ ದಾರೀಲಿದೆ. ಭಾನುವಾರ ಬೆಳಗಿನ ಜಾವ ಐದಕ್ಕೆ ಶುರು. ಇಪ್ಪತ್ತು ಮೂವತ್ತು ಜನರ ಗುಂಪು, ಮೂರು ಮೂರು ನಾಲ್ಕು ನಾಲ್ಕು ಜನ ಅಡ್ಡಕ್ಕೆ. ನಮ್ಮೂರಿನ ಹಾಲಿನ ಡೈರಿಗೆ ಕ್ಯಾನು ತಗೊಂಡು ಹೋಗೋ ಹುಡುಗ ಹಾರ್ನ್ ಹೊಡೆದರೆ ಕೈ ಎತ್ತಿ ಬೈತಾರೆ. ಡೈರೀಲಿ ಹಾಲು ತಗೊಳೋಕೆ ಒಂದು ಹೊತ್ತು ಇರುತ್ತೆ, ಅದು ತಪ್ಪಿದರೆ ಆ ದಿನದ ಹಾಲು ಮನೇಲೇ. ಅದು ಅವರಿಗೆ ಗೊತ್ತಿಲ್ಲ. ಬೆಟ್ಟದ ಬುಡದಲ್ಲಿ ಕಾಗದದ ಲೋಟ, ಮಿಠಾಯಿ ಕವರು. ಅವರು ಹೋದ ಮೇಲೆ ಗುಡಿಸೋರು ನಮ್ಮ ಹೆಂಗಸರೇ.

ಬಟ್ಟೆ ಬಗ್ಗೆ ನಂಗೆ ಒಂದಿಷ್ಟೂ ತಕರಾರಿಲ್ಲ, ಯಾರು ಏನು ಬೇಕಾದರೂ ಹಾಕ್ಕೊಳ್ಳಲಿ. ಆದರೆ ಎಲ್ಲರೂ ಒಂದೇ ಥರ ಹಾಕ್ಕೊಂಡು ಬಂದಾಗ ಒಬ್ಬ ಮಾಡಿದ ತಪ್ಪು ಎಲ್ಲರ ತಲೆಗೆ ಬರುತ್ತೆ. ನಮ್ಮೂರಲ್ಲಿ ದಿನಾ ಹುಲ್ಲಿನ ಹೊರೆ ಕಟ್ಕೊಂಡು ಸೈಕಲ್ಲಲ್ಲಿ ಹೋಗೋರು ಇದಾರೆ. ಅವರು ಅಡ್ಡ ಬಂದರೆ "ಅವನು ಅಡ್ಡ ಬಂದ" ಅಂತೀವಿ. ಇವರಲ್ಲಿ ಒಬ್ಬ ಅಡ್ಡ ಬಂದರೆ "ಈ ಸೈಕಲ್ಲಿನವರು" ಅಂತೀವಿ.

ಬ್ರೆವೆ_600

ನಂದಿ ರಸ್ತೆಯವರೇ, ಕಸದ ಮಾತು, ಬೈಗುಳದ ಮಾತು ಎರಡನ್ನೂ ತಲೆ ಬಾಗಿ ಒಪ್ಪಿಕೊಳ್ತೀನಿ. ನಮ್ಮ ಗುಂಪಿನಲ್ಲಿ ಇದನ್ನ ಓದಿ ಹೇಳ್ತೀನಿ.

ಅಡ್ಡಕ್ಕೆ ಹೋಗೋದರ ಬಗ್ಗೆ ಸ್ವಲ್ಪ ವಿವರಿಸ್ತೀನಿ, ಸಮರ್ಥನೆ ಅಂದುಕೋಬೇಡಿ. ಹತ್ತು ಜನ ಒಬ್ಬರ ಹಿಂದೆ ಒಬ್ಬರು ಹೋದರೆ ಸಾಲು ಒಂದು ಲಾರಿಗಿಂತ ಉದ್ದ ಆಗುತ್ತೆ. ಇಬ್ಬಿಬ್ಬರು ಜೊತೆಯಾಗಿ ಹೋದರೆ ಸಾಲು ಅರ್ಧಕ್ಕೆ ಇಳಿಯುತ್ತೆ, ದಾಟಿಕೊಂಡು ಹೋಗೋದು ಬೇಗ ಮುಗಿಯುತ್ತೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯನ್ನ 2022ರಲ್ಲಿ ತಿದ್ದಿದಾಗ ಇಬ್ಬರು ಜೊತೆಯಾಗಿ ಹೋಗಬಹುದು, ದಾಟಿ ಹೋಗೋ ಗಾಡಿ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಅಂತ ಸ್ಪಷ್ಟವಾಗಿ ಬರೆದರು. ಹಿಂದೆ ಗಾಡಿ ಕಾಯ್ತಿದ್ದರೆ ಜಾಗ ಬಿಟ್ಟುಕೊಡಿ ಅಂತಾನೂ ಅಲ್ಲೇ ಇದೆ. ಇಬ್ಬರು ಸರಿ. ಹಳ್ಳಿ ರಸ್ತೇಲಿ ನಾಲ್ಕು ಜನ ಅಡ್ಡಕ್ಕೆ ಹೋಗೋದು ಯಾವ ಲೆಕ್ಕದಲ್ಲೂ ತಪ್ಪೇ.

ಇನ್ನು ಆ ಬಿಗಿ ಚಡ್ಡಿ. ನಾವು ಹೋಗೋ ಬ್ರೆವೆಗಳಲ್ಲಿ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವು. ಚಡ್ಡಿ ಒಳಗೆ ಒಂದು ಮೆತ್ತೆ ಹೊಲಿದಿರುತ್ತಾರೆ, ಅದರ ಒಳಗೆ ಬೇರೆ ಬಟ್ಟೆ ಹಾಕಲ್ಲ. ಹೊಲಿಗೆ ಎಲ್ಲೂ ತೊಡೆಗೆ ತಾಗಬಾರದು. ತಾಗಿದರೆ ನೂರು ಕಿ.ಮೀ. ಆಗೋ ಹೊತ್ತಿಗೆ ಚರ್ಮ ಕಿತ್ತು ಬರುತ್ತೆ. ಜೆರ್ಸಿ ಬೆನ್ನಿಗೆ ಮೂರು ಜೇಬು. ಒಂದರಲ್ಲಿ ಚಿಕ್ಕಿ, ಒಂದರಲ್ಲಿ ಟ್ಯೂಬು, ಒಂದರಲ್ಲಿ ಫೋನು. ಕತ್ತಲಾದರೆ ಮಿಂಚುಪಟ್ಟಿಯ ವೆಸ್ಟ್, ಮುಂದೆ ಹಿಂದೆ ದೀಪ ಕಡ್ಡಾಯ, ಇಲ್ಲದಿದ್ದರೆ ಸವಾರಿಗೇ ಬಿಡಲ್ಲ. ಗದ್ದೆಗೆ ಇಳಿಯೋರು ಪಂಚೆ ಮೇಲೆ ಕಟ್ತಾರಲ್ಲ, ಕೆಲಸಕ್ಕೆ ತಕ್ಕ ಬಟ್ಟೆ, ಇದೂ ಹಾಗೇ.

ದೂರವಾಣಿನಗರ_ಹಿರಿಯ

ನನಗೀಗ 78. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಪಾಳಿ ಬಿಟ್ಟ ಸೈರನ್ ಕೂಗಿದ ಮೇಲೆ ಗೇಟಿನಿಂದ ಹೊರಡುತ್ತಿದ್ದ ಸೈಕಲ್ಲುಗಳ ಹೊಳೆಯನ್ನು ಈಗಿನವರು ಊಹಿಸಲಾರರು. ಹಳೆ ಮದ್ರಾಸ್ ರಸ್ತೆಯ ಅಗಲಕ್ಕೂ ನಾವೇ. ಬಸ್ಸು ನಮ್ಮ ಹಿಂದೆ ನಿಧಾನವಾಗಿ ಬರುತ್ತಿತ್ತು.

ಆಗಲೂ ಸೈಕಲ್ಲಿಗೆ ಅಂತ ಒಂದು ಉಡುಪಿತ್ತು. ಖಾಕಿ ಪ್ಯಾಂಟು, ಬಲಗಾಲಿಗೆ ಉಕ್ಕಿನ ಕ್ಲಿಪ್ಪು. ಕ್ಲಿಪ್ಪು ಕಳೆದುಹೋದ ದಿನ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕುತ್ತಿದ್ದೆವು. ಪಂಚೆಯವರು ಕಚ್ಚೆ ಹಾಕುತ್ತಿದ್ದರು. ಯಾರೂ ಯಾರನ್ನೂ ವಿಚಿತ್ರವಾಗಿ ನೋಡಲಿಲ್ಲ, ಏಕೆಂದರೆ ನೋಡುವವನೂ ಸೈಕಲ್ ಮೇಲೆಯೇ ಇದ್ದ.

ಶಿಸ್ತೂ ಇತ್ತು. ಕತ್ತಲಾದ ಮೇಲೆ ಡೈನಮೊ ದೀಪ ಇಲ್ಲದಿದ್ದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡಿಂಗಿಗೆ ದಂಡ. ಪ್ರತಿ ವರ್ಷ ಸೈಕಲ್ ಲೈಸೆನ್ಸಿನ ಬಿಲ್ಲೆ ಕೊಂಡು ಹ್ಯಾಂಡಲ್ಲಿಗೆ ಕಟ್ಟಬೇಕಿತ್ತು. ಬಡವನ ಗಾಡಿ ಅಂತ ಯಾರೂ ಬಿಡುತ್ತಿರಲಿಲ್ಲ. ಬಡವನ ಗಾಡಿಗೂ ರಸ್ತೆಯಲ್ಲಿ ಲೆಕ್ಕ ಇತ್ತು ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಈಗ ಹಿಡಿಯುವವರೂ ಇಲ್ಲ, ಲೆಕ್ಕಕ್ಕೆ ಇಡುವವರೂ ಇಲ್ಲ.

ಡಿಪೋ_ಡ್ರೈವರ್

ನಾನು 19 ವರ್ಷದಿಂದ ಸಿಟಿ ಬಸ್ ಓಡಿಸ್ತಿದೀನಿ. ಇಲ್ಲಿ ಬರೆಯೋರೆಲ್ಲ ಸೈಕಲ್ ಮೇಲಿಂದ ನೋಡಿದ್ದು ಬರೆದಿದೀರ, ನಾನು ಸ್ಟೇರಿಂಗ್ ಹಿಂದಿಂದ ಕಾಣೋದನ್ನ ಬರೀತೀನಿ.

ಮೊದಲನೇದು, ಬಸ್ಸಿನ ಎಡಗಡೆ ಮುಂದಿನ ಬಾಗಿಲಿಂದ ಹಿಂದಕ್ಕೆ ಒಂದು ಜಾಗ ಇದೆ, ಕನ್ನಡೀಲಿ ಕಾಣೋದೇ ಇಲ್ಲ. ಸ್ಟಾಪಿಗೆ ಅಂತ ನಾನು ಎಡಕ್ಕೆ ತರ್ತಿರ್ತೀನಿ, ಅದೇ ಹೊತ್ತಿಗೆ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸೈಕಲ್ ನುಗ್ಗುತ್ತೆ. ಎದೆ ಧಸಕ್ ಅನ್ನುತ್ತೆ. ತಿರುವಲ್ಲಿ ಇನ್ನೂ ಅಪಾಯ. ಹಿಂದಿನ ಗಾಲಿ ಮುಂದಿನ ಗಾಲಿ ಹೋದ ದಾರೀಲಿ ಹೋಗಲ್ಲ, ಒಳಗೆ ಕೊಯ್ಕೊಂಡು ಬರುತ್ತೆ. ಇಂಡಿಕೇಟರ್ ಹಾಕಿರೋ ಬಸ್ಸಿನ ಎಡಕ್ಕೆ ದಯವಿಟ್ಟು ಯಾರೂ ಬರಬೇಡಿ. ಹಿಂದೆ ನಿಲ್ಲಿ. ಅರ್ಧ ನಿಮಿಷ ಅಷ್ಟೇ.

ಎರಡನೇದು, ಕಿವೀಲಿ ಇಯರ್‌ಫೋನ್. ಹಾರ್ನ್ ಕೇಳಿಸಲ್ಲ, ಕಂಡಕ್ಟರು ಬಾಗಿಲು ಬಡಿದರೂ ಕೇಳಿಸಲ್ಲ.

ಬಟ್ಟೆ ವಿಷಯಕ್ಕೆ ಬಂದರೆ, ಹಗಲು ಹೊತ್ತು ನಂಗೆ ಎಲ್ಲಾ ಒಂದೇ. ರಾತ್ರಿ ಬೇರೆ. ರಾತ್ರಿ ಹತ್ತರ ಮೇಲೆ ಎದುರಿಂದ ಬರೋ ಕಾರುಗಳ ಹೈ ಬೀಮ್ ಕಣ್ಣಿಗೆ ಹೊಡೆದಾಗ ಮುಂದೆ ಇರೋ ಸೈಕಲ್ಲು ಕಪ್ಪು ನೀರಲ್ಲಿ ಮುಳುಗಿದ ಹಾಗೆ ಮಾಯ ಆಗುತ್ತೆ. ಆಗ ನನ್ನ ಕಣ್ಣಿಗೆ ಬೀಳೋದು ಒಂದೇ, ಪೆಡಲ್ಲಿನ ಹಳದಿ ರಿಫ್ಲೆಕ್ಟರು. ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲ್ಲ, ಅದು ಕಂಡ ತಕ್ಷಣ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ. ಅದು ಮನುಷ್ಯ ಅಂತ ಗೊತ್ತಾಗುತ್ತೆ.

ಚಳಿಗಾಲದಲ್ಲಿ ಮೈಸೂರು ರಸ್ತೇಲಿ ಒಂದು ರಾತ್ರಿ ಕಪ್ಪು ಶಾಲು ಹೊದ್ದ ಒಬ್ಬರು, ದೀಪ ಇಲ್ಲ, ಏನೂ ಇಲ್ಲ. ಹತ್ತಡಿ ಇದ್ದಾಗ ಕಂಡರು. ತಪ್ಪಿಸಿದೆ. ಮುಂದಿನ ಸ್ಟಾಪಲ್ಲಿ ಬಸ್ ನಿಲ್ಲಿಸಿ ಐದು ನಿಮಿಷ ಇಳಿಯೋಕೆ ಆಗಲಿಲ್ಲ, ಕಾಲು ನಡುಗ್ತಿತ್ತು. ಅವರ ಮನೆಯವರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಸಂಖ್ಯೆ_ನೋಡೋಣ

ಡ್ರೈವರ್ ಅಣ್ಣ ಹೇಳಿದ್ದು ಪ್ರಯೋಗದಲ್ಲೂ ಹೊರಬಿದ್ದಿರೋ ಸತ್ಯ. ಆಸ್ಟ್ರೇಲಿಯಾದಲ್ಲಿ ರಾತ್ರಿ ಹೊತ್ತು ಮುಚ್ಚಿದ ರಸ್ತೇಲಿ ಕಾರು ಓಡಿಸಿ ನೋಡಿದರು. ಕಪ್ಪು ಬಟ್ಟೆಯ ಸವಾರರನ್ನ ಚಾಲಕರು ಗುರುತಿಸಿದ್ದು 100ಕ್ಕೆ 2 ಸಲ. ಹೊಳೆಯೋ ಬಣ್ಣದ ಫ್ಲೋರೆಸೆಂಟ್ ವೆಸ್ಟ್ ಹಾಕಿದರೆ 15. ಬೆಳಕನ್ನ ತಿರುಗಿಸಿ ಹೊಡೆಯೋ ರಿಫ್ಲೆಕ್ಟಿವ್ ವೆಸ್ಟಾದರೆ 50. ಅದರ ಜೊತೆ ಕಣಕಾಲಿಗೆ, ಮೊಣಕಾಲಿಗೆ ಪಟ್ಟಿ ಕಟ್ಟಿದರೆ 90.

ಫ್ಲೋರೆಸೆಂಟ್ ಬಣ್ಣ ಬಿಸಿಲಿನ ನೇರಳಾತೀತ ಕಿರಣದಿಂದ ಹೊಳೆಯುತ್ತೆ. ರಾತ್ರಿ ಆ ಕಿರಣ ಎಲ್ಲಿಂದ ಬರಬೇಕು? ಹಗಲಿಗೆ ಮಾತ್ರ ಅದರಿಂದ ಲಾಭ ಇದೆ. ಡೆನ್ಮಾರ್ಕಿನಲ್ಲಿ 6,793 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವರ್ಷ ಹಳದಿ ಜಾಕೆಟ್ ಕೊಟ್ಟರು. ಗಾಯವಾಗೋ ಅಪಘಾತ ಆ ಗುಂಪಲ್ಲಿ 47% ಕಡಿಮೆ ಬಂತು. ಯಾವ ಗುಂಪಲ್ಲಿದೀವಿ ಅಂತ ಜನರಿಗೇ ಗೊತ್ತಿದ್ದಿದ್ದರಿಂದ ಹೇಳಿಕೆಯಲ್ಲಿ ವಾಲಿಕೆ ಇರಬಹುದು ಅಂತ ತಿದ್ದಿ ಲೆಕ್ಕ ಹಾಕಿದ ಮೇಲೂ 38% ಉಳಿಯಿತು.

ಹಾಗಾದರೆ ಹಳದಿ ಹಾಕಿದರೆ ಜಾಗ ಬಿಡ್ತಾರಾ? ಇಲ್ಲೇ ವಿಷಯ ಬೇರೆಯಾಗೋದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಅನ್ನೋ ಮನಃಶಾಸ್ತ್ರಜ್ಞ ತನ್ನ ಸೈಕಲ್ಲಿಗೆ ದೂರ ಅಳೆಯೋ ಯಂತ್ರ ಕಟ್ಕೊಂಡು ತಿಂಗಳುಗಟ್ಟಲೆ ತುಳಿದರು. 2006ರಲ್ಲಿ ಬಂದ ಫಲಿತಾಂಶ: ಹೆಲ್ಮೆಟ್ ಹಾಕಿದಾಗ ಗಾಡಿಗಳು ಸರಾಸರಿ 8.5 ಸೆಂ.ಮೀ. ಹತ್ತಿರ ಬಂದವು. ಹಿಂದಿಂದ ಹೆಂಗಸಿನ ಹಾಗೆ ಕಾಣಲಿ ಅಂತ ಉದ್ದ ಕೂದಲಿನ ವಿಗ್ ಹಾಕ್ಕೊಂಡಾಗ ಸುಮಾರು 14 ಸೆಂ.ಮೀ. ದೂರ ಹೋದವು. ಹೆಲ್ಮೆಟ್ಟಿನ ಲೆಕ್ಕವನ್ನ ಬೇರೆ ಸಂಶೋಧಕರು ಆಮೇಲೆ ಪ್ರಶ್ನೆ ಮಾಡಿದ್ದಾರೆ, ಅದನ್ನೂ ಹೇಳಬೇಕು. ಕೋಣನಕುಂಟೆಯವರು ಚೂಡಿದಾರ್ ಬಗ್ಗೆ ಬರೆದದ್ದು ಓದಿದಾಗ ನಂಗೆ ಆ ವಿಗ್ಗೇ ನೆನಪಾಯ್ತು.

ಮುಂದೆ ಇದೇ ವಾಕರ್ ತಂಡ ಏಳು ಥರದ ಉಡುಪು ಹಾಕಿಸಿ 5,690 ಸಲ ಗಾಡಿಗಳು ದಾಟಿದ್ದನ್ನ ಅಳೀತು. ರೇಸಿನ ಉಡುಪು, ಮಾಮೂಲಿ ಉಡುಪು, ಹಳದಿ ಜಾಕೆಟ್, ಈಗ ಕಲೀತಿದೀನಿ ಅಂತ ಬರೆದ ವೆಸ್ಟು, ಯಾವುದಕ್ಕೂ ಹೆಚ್ಚು ಜಾಗ ಸಿಗಲಿಲ್ಲ. ಸಿಕ್ಕಿದ್ದು ಒಂದಕ್ಕೇ. ಬೆನ್ನ ಮೇಲೆ ಪೊಲೀಸ್ ಅಂತ ಬರೆದು, ಚಿತ್ರೀಕರಣ ಆಗ್ತಿದೆ ಅಂತ ಎಚ್ಚರಿಸಿದ್ದ ವೆಸ್ಟು. ಏನೇ ಹಾಕಿದರೂ 100ರಲ್ಲಿ ಒಂದೆರಡು ಗಾಡಿ 50 ಸೆಂ.ಮೀ. ಒಳಗೇ ಉಜ್ಜಿಕೊಂಡು ಹೋದವು.

ಅಂದರೆ, ಕಾಣಿಸಿಕೊಳ್ಳೋದು ಸವಾರನ ಕೈಲಿದೆ. ಕಂಡ ಮೇಲೆ ಏನು ಮಾಡ್ತಾರೆ ಅನ್ನೋದು ಸವಾರನ ಬಟ್ಟೆ ಕೈಲಿಲ್ಲ.

ಕೋಣನಕುಂಟೆ_ಪೆಡಲ್

ಕೊನೇ ಎರಡು ಸಾಲು ನಾಲ್ಕು ಸಲ ಓದಿದೆ. ಸಾರಕ್ಕೀಲಿ ಆ ಕಾರಿನವರು ನನ್ನನ್ನ ಕಂಡಿದ್ದರು. ಮಾತಾಡಿಸಿಯೂ ಇದ್ದರು.

ತೆರಿಗೆ_ಕಟ್ಟೋನು

ಒಂದು ಮಾತು ಯಾರೂ ಎತ್ತಿಲ್ಲ. ಕಾರಿನವರು, ಬೈಕಿನವರು ರಸ್ತೆ ತೆರಿಗೆ ಕಟ್ತೀವಿ, ವಿಮೆ ಕಟ್ತೀವಿ, ಹೆಲ್ಮೆಟ್ ಇಲ್ಲ ಅಂದರೆ ದಂಡ ಕಟ್ತೀವಿ. ಸೈಕಲ್ಲಿಗೆ ಏನೂ ಇಲ್ಲ. ಸಿಗ್ನಲ್ ಹಾರಿದರೂ ಕೇಳೋರಿಲ್ಲ. ಸಿಟ್ಟು ಬರೋದು ಸಹಜ ಅಲ್ವಾ?

ಬ್ರೆವೆ_600

ಸೈಕಲ್ಲು ಕಾನೂನಿನ ಪ್ರಕಾರ ಮೋಟಾರು ವಾಹನ ಅಲ್ಲ, ಅದಕ್ಕೇ ಆ ತೆರಿಗೆ ಇಲ್ಲ, ಹೆಲ್ಮೆಟ್ ಕಡ್ಡಾಯವೂ ಇಲ್ಲ. ನಡೆದು ಹೋಗೋರಿಗೂ ತೆರಿಗೆ ಇಲ್ಲ, ಎತ್ತಿನ ಗಾಡಿಗೂ ಇಲ್ಲ. ವಾರ್ಡಿನ ರಸ್ತೆಗೆ ಡಾಂಬರು ಬೀಳೋದು ಮನೆ ಕಂದಾಯದಿಂದ, ಸರ್ಕಾರದ ಸಾಮಾನ್ಯ ಬೊಕ್ಕಸದಿಂದ. ಬಾಡಿಗೆ ಮನೆಯ ಸೆಕ್ಯುರಿಟಿ ಅಣ್ಣನೂ ಸೋಪು ಕೊಂಡಾಗ ತೆರಿಗೆ ಕಟ್ಟಿರ್ತಾನೆ. ಸಿಗ್ನಲ್ ಹಾರೋದು ಮಾತ್ರ ತಪ್ಪೇ, ಅದರಲ್ಲಿ ನಿಮ್ಮ ಜೊತೆ ಇದೀನಿ. ಕೆಂಪು ದೀಪಕ್ಕೆ ಕಾಲೂರಿ ನಿಲ್ಲೋದನ್ನ ಹೊಸಬರಿಗೆ ಮೊದಲ ದಿನವೇ ಹೇಳಿಕೊಡ್ತೀವಿ.

ಇಂಡಿ_ತಾಲೂಕು

ನಮಸ್ಕಾರ ರೀ. ನಾವು ವಿಜಯಪುರದ ಕಡೆಯವ್ರು. ನಮ್ಮ ಕಡೆ ಸೈಕಲ್ ರೇಸ್ ಅಂದ್ರ ಜಾತ್ರಿ ಇದ್ದಂಗ. ವಿಜಯಪುರ, ಬಾಗಲಕೋಟಿ, ಜಮಖಂಡಿ ಈ ಭಾಗದಿಂದ ರಾಷ್ಟ್ರ ಮಟ್ಟದ ತನಕ ಹೋದ ಹುಡುಗ ಹುಡುಗೀರು ಭಾಳ ಮಂದಿ. ಹೆಚ್ಚಿನವ್ರು ಹೊಲದಾಗ ದುಡಿಯೋರ ಮಕ್ಕಳು. ನಾನೂ ಸಣ್ಣವ ಇದ್ದಾಗ ಮುಂಜಾನೆ ನಾಕಕ್ಕ ಎದ್ದು ಸೋಲಾಪುರ ರಸ್ತೆಗುಂಟ ತುಳದಾಂವ.

ನನ್ನ ತಂಗಿನೂ ತುಳೀತಿದ್ಲು. ಮೊದಲ ಸಲ ರೇಸ್ ಚಡ್ಡಿ ಹಾಕ್ಕೊಂಡು ಹೊಂಟಾಗ ಅವ್ವ ಮ್ಯಾಲ ಒಂದು ಲಂಗ ಸುತ್ತಿ ಕಳಿಸಿದ್ಲು. ಊರು ದಾಟಿದ ಮ್ಯಾಲ ಲಂಗ ಬಿಚ್ಚಿ ನನ್ನ ಚೀಲದಾಗ ಇಡ್ತಿದ್ಲು, ಬರಬೇಕಾದ್ರ ಮತ್ತ ಸುತ್ಕೋತಿದ್ಲು. ಕಟ್ಟಿ ಮ್ಯಾಲ ಕುಂತ ಮಂದಿ ಅಂದಿದ್ದು ಇಲ್ಲಿ ಬರಿಯಾಕ ಆಗಂಗಿಲ್ಲ. ಎರಡು ವರ್ಷಕ್ಕ ಆಕಿ ರಾಜ್ಯ ಮಟ್ಟದಾಗ ಬೆಳ್ಳಿ ತಂದ್ಲು. ಅದೇ ಮಂದಿ ಹಲಗಿ ಬಡಿಸಿ, ಟ್ರ್ಯಾಕ್ಟರ್ ಮ್ಯಾಲ ಕುಂಡ್ರಿಸಿ ಮೆರವಣಿಗಿ ಮಾಡಿದ್ರು. ಅವತ್ತೂ ಅದ ಚಡ್ಡಿ ಇತ್ತು ಮೈಮ್ಯಾಲ.

ನಮ್ಮ ಅವ್ವ ಆ ದಿನ ಕುಣಿಲಿಲ್ಲ, ನಗಲಿಲ್ಲ. ರಾತ್ರಿ ರೊಟ್ಟಿ ಬಡೀತಾ ಒಂದು ಮಾತು ಕೇಳಿದ್ಲು. "ಬೆಳ್ಳಿ ತರಲಾರದ ಹುಡುಗಿ ಏನ್ ಮಾಡಬೇಕಪ್ಪಾ?" ನನಗ ಇವತ್ತಿಗೂ ಅದಕ್ಕ ಉತ್ತರ ಗೊತ್ತಿಲ್ಲ ರೀ. ಆಫೀಸಿಗೆ ಹೋಗಾಕ ತುಳಿಯೋ ಈ ಅಕ್ಕಾರ ಪತ್ರ ಓದಿ ಮತ್ತ ನೆನಪಾತು.

ರಾಣೆಬೆನ್ನೂರು_ಟೀಚರ್

ಇಂಡಿಯವರೇ, ನಿಮ್ಮ ತಾಯಿಯ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲ, ಆದರೆ ನಾನು ಕಂಡದ್ದು ಹೇಳ್ತೀನಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡೋದು ಶುರು ಮಾಡಿದಾಗ ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಅದಕ್ಕೂ ಮೊದಲು ಆ ಊರಲ್ಲಿ ಸೈಕಲ್ ತುಳಿಯೋ ಹುಡುಗಿ ಒಬ್ಬಳೇ. ಅಣ್ಣನ ದೊಡ್ಡ ಸೈಕಲ್ಲಲ್ಲಿ ಒಳಪೆಡಲ್ ಹಾಕ್ತಿದ್ದಳು. ಅವಳ ಸ್ಕರ್ಟು ಎಷ್ಟು ಮೇಲೆ ಹೋಯ್ತು ಅನ್ನೋದೇ ಊರಿನ ಮಾತು. ಕೊನೆಗೆ ಅವರಪ್ಪ ಬಿಡಿಸಿದರು.

ಸೈಕಲ್ ಬಂದ ವರ್ಷ ಬೆಳಗ್ಗೆ ಒಂಬತ್ತಕ್ಕೆ ಕೆರೆ ಏರಿ ಮೇಲೆ ಇಪ್ಪತ್ತು ಮೂವತ್ತು ಹುಡುಗಿಯರು ಸಾಲಾಗಿ ಬಂದರು. ಎರಡು ಜಡೆ, ರಿಬ್ಬನ್ನು, ಮುಂದಿನ ಬುಟ್ಟೀಲಿ ಬುತ್ತಿ. ಮೊದಲ ವಾರ ಹೋಟೆಲ್ ಮುಂದೆ ಕೂತವರು ಎದ್ದು ನಿಂತು ನೋಡಿದರು. ಎರಡನೇ ವಾರ ಕೂತೇ ನೋಡಿದರು. ದಸರಾ ರಜೆ ಮುಗಿಯೋ ಹೊತ್ತಿಗೆ ಪೇಪರ್ ಓದ್ತಿದ್ದರು. ಯಾರೂ ಪದಕ ತಂದಿರಲಿಲ್ಲ, ಸುಮ್ಮನೆ ತುಂಬ ಜನ ಇದ್ದರು. ಒಬ್ಬಳ ಬಟ್ಟೆ ಅಂದರೆ ಊರೆಲ್ಲ ಮಾತು, ಮೂವತ್ತು ಜನರ ಬಟ್ಟೆಯನ್ನ ಯಾರು ಅಳೀತಾ ಕೂರ್ತಾರೆ?

ಐಂದೋವನ್_ಕನ್ನಡತಿ

ಟೀಚರ್ ಹೇಳಿದ್ದನ್ನ ನಾನು ದಿನಾ ನೋಡ್ತಿದೀನಿ. ನೆದರ್ಲೆಂಡ್ಸಿನ ಐಂದೋವನ್ನಲ್ಲಿದೀನಿ, ಇಲ್ಲಿ ಕನ್ನಡದವರು ಸಾಕಷ್ಟು ಇದೀವಿ. ಜನ ಕೋಟು ಹಾಕ್ಕೊಂಡೇ, ಮದುವೆ ಬಟ್ಟೇಲೇ, ಒಂದು ಕೈಲಿ ಕೊಡೆ ಹಿಡ್ಕೊಂಡೇ ತುಳೀತಾರೆ. ಯುಗಾದಿ ಕಾರ್ಯಕ್ರಮಕ್ಕೆ ನಾನು ಮೈಸೂರು ರೇಷ್ಮೆ ಸೀರೇಲಿ, ಸೆರಗು ಸೊಂಟಕ್ಕೆ ಸಿಗಿಸಿ ಹೋಗಿದೀನಿ. ಯಾರೂ ತಿರುಗಿ ನೋಡಲಿಲ್ಲ. ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದ ಹಾಗೆ ಎರಡೂ ಪಕ್ಕ ಹೊದಿಕೆ ಸೈಕಲ್ಲಿನ ಜೊತೇನೇ ಬಂದಿತ್ತು. ಅಮ್ಮನ ಕಾಲದ ಲೇಡೀಸ್ ಸೈಕಲ್ಲಿಗೆ ಜಾಲರಿ ಇರ್ತಿತ್ತಲ್ಲ, ಅದೇ.

ಇಲ್ಲಿ ಮಾಮೂಲಿ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಅಲ್ಲ. ಕತ್ತಲಲ್ಲಿ ದೀಪ ಮಾತ್ರ ಕಡ್ಡಾಯ, ಇಲ್ಲದಿದ್ದರೆ ದಂಡ. 2019ರ ಜುಲೈಯಿಂದ ತುಳೀತಾ ಫೋನ್ ಹಿಡ್ಕೊಂಡರೂ ದಂಡ. ಈ ದೇಶದವರು ಹುಟ್ಟಾ ಒಳ್ಳೆಯವರು ಅಂತ ಇದು ಬಂದಿಲ್ಲ. 1970ರ ದಶಕದಲ್ಲಿ ಕಾರಿಗೆ ಸಿಕ್ಕಿ ಮಕ್ಕಳು ಸಾಯ್ತಿದ್ದಾಗ ತಂದೆತಾಯಂದಿರು ರಸ್ತೇಲಿ ಕೂತು ಹೋರಾಡಿದರು, ಆಮೇಲೆ ಬೇರೆ ದಾರಿ ಕಟ್ಟಿದರು. ದಾರಿ ಬೇರೆ ಆದ ಮೇಲೆ ಬಟ್ಟೆ ವಿಶೇಷ ಆಗಿರಬೇಕಾದ ಅಗತ್ಯಾನೇ ಹೋಯ್ತು.

ಸರ್ಜಾಪುರ_ಸಂಜೆ

ನಮ್ಮಲ್ಲೂ ಒಂದು ಸಲ ಕಟ್ಟಿದ್ದರಲ್ಲ. 2020ರಲ್ಲಿ ಹೊರವರ್ತುಲ ರಸ್ತೇಲಿ ಲೌರಿ ಜಂಕ್ಷನ್ನಿಂದ ಸಿಲ್ಕ್ ಬೋರ್ಡ್ ಕಡೆಗೆ ಸುಮಾರು 17 ಕಿ.ಮೀ. ಕಂಬ ನೆಟ್ಟು ಸೈಕಲ್ ಪಥ. ನಾನು ಮೊದಲ ದಿನವೇ ಹೋಗಿದ್ದೆ, ಆನಂದಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ವಾರಗಳಲ್ಲಿ ಕಂಬ ಮುರಿದಿದ್ದವು, ಬೈಕುಗಳು ಒಳಗೆ ನುಗ್ಗಿದ್ದವು. ಕಾಲುದಾರಿ ಮೇಲಾಗಲಿ ಸೈಕಲ್ಲಿಗೆ ಮೀಸಲಿಟ್ಟ ಪಥದಲ್ಲಾಗಲಿ ಮೋಟಾರು ವಾಹನ ಓಡಿಸಬಾರದು ಅನ್ನೋ ನಿಯಮ 1989ರಿಂದಲೇ ಇದೆ. ಆ ಪಥದಲ್ಲಿ ನನ್ನ ಹಿಂದೆ ಹಾರ್ನ್ ಹೊಡೆದ ಬೈಕಿನವನಿಗೆ ಅದನ್ನ ಹೇಳಿದೆ. "ಚಡ್ಡಿ ಹಾಕ್ಕೊಂಡು ಕಾನೂನು ಹೇಳ್ತಾನೆ" ಅಂದ.

ಮೈಸೂರು_ಕೆಂಪುಮಣ್ಣು

ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಬಂದಾಗ 450 ಸೈಕಲ್, 48 ನಿಲ್ದಾಣ. ಪ್ರವಾಸಿಗರು, ಕಾಲೇಜು ಹುಡುಗರು, ಪಂಚೆ ಉಟ್ಟ ತಾತಂದಿರು, ಎಲ್ಲರ ಕೈಲೂ ಒಂದೇ ಥರದ ಸೈಕಲ್ಲು. ಅವಾಗ ಸೈಕಲ್ ನೋಡಿ ಇವನು ಶ್ರೀಮಂತ, ಇವನು ಬಡವ ಅನ್ನೋಕೆ ಆಗ್ತಿರಲಿಲ್ಲ. ನಂಗೆ ತುಂಬ ಇಷ್ಟವಾಗಿದ್ದು ಅದು.

ಮಂಡ್ಯ_ಮೆಲ್ಬರ್ನ್

ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ 1990ರಿಂದಲೇ ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ. ದಾಟಿ ಹೋಗೋ ಗಾಡಿ ಒಂದು ಮೀಟರ್, ವೇಗದ ರಸ್ತೇಲಿ ಒಂದೂವರೆ ಮೀಟರ್ ಬಿಡಬೇಕು ಅಂತ 2021ರಿಂದ ಕಾನೂನಿದೆ. ಇಷ್ಟಿದ್ದರೂ ಬಿಗಿ ಬಟ್ಟೆಯವರನ್ನ ಕಂಡರೆ ಕಿಟಕಿಯಿಂದ ಕೂಗೋರು ಇಲ್ಲೂ ಇದಾರೆ ಕಣಣ್ಣ. 2019ರಲ್ಲಿ ಬಂದ ಒಂದು ಸಮೀಕ್ಷೇಲಿ ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೈಕಲ್ಲಿನವರನ್ನ ಪೂರ್ತಿ ಮನುಷ್ಯರು ಅಂತ ಗುರುತು ಹಾಕಲಿಲ್ಲ. 2023ರಲ್ಲಿ ಇನ್ನೊಂದು ಬಂತು. ಹೆಲ್ಮೆಟ್, ಹೊಳೆಯೋ ವೆಸ್ಟ್ ಹಾಕಿರೋ ಚಿತ್ರ ತೋರಿಸಿದರೆ ಮನುಷ್ಯತನದ ಅಂಕ ಇನ್ನೂ ಇಳೀತಂತೆ. ಜೀವ ಉಳಿಸ್ಕೊಳ್ಳಕ್ಕೆ ಹಾಕೋದೇ ನಮ್ಮ ಮುಖ ಮರೆ ಮಾಡ್ತದೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರತಿ ಸಿಗ್ನಲ್ಲಲ್ಲೂ ಪಕ್ಕದ ಗಾಡಿಯವರ ಮುಖ ನೋಡಿ ತಲೆ ಆಡಿಸ್ತೀನಿ. ನೂರಕ್ಕೆ ತೊಂಬತ್ತು ಜನ ತಿರುಗಿ ತಲೆ ಆಡಿಸ್ತಾರೆ.

ಜಯನಗರ_4ನೇ_ಬ್ಲಾಕ್

ಎಲ್ಲ ಓದಿದೆ. ಇಂಡಿಯವರ ತಾಯಿ ಕೇಳಿದ ಮಾತು ಓದಿ ಸುಮ್ಮನೆ ಕೂತೆ. ಮಗಳಿಗೆ ಚೂಡಿದಾರ್ ಅಂತ ಹೇಳೋದು ನಿಲ್ಲಿಸ್ತೀನಿ. ಹಿಂದಿನ ದೀಪ ಇದೆಯಾ ಅಂತ ನೋಡಿದೆ, ಇತ್ತು, ಬ್ಯಾಟರಿ ಸತ್ತಿತ್ತು. ಇವತ್ತು ಹಾಕಿಸಿದೆ.

ಕೋಣನಕುಂಟೆ_ಪೆಡಲ್

ಸರ್, ನಿಮ್ಮ ಮಾತು ಓದಿ ತುಂಬ ಸಂತೋಷವಾಯ್ತು.

ಎರಡು ವಾರದ ಮೇಲೆ ಬರೀತಿದೀನಿ. ಡ್ರೈವರ್ ಅಣ್ಣನ ಪೆಡಲ್ ಮಾತು ತಲೇಲಿ ಕೂತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಸೆಕ್ಯುರಿಟಿಯವರ, ಮನೆಗೆಲಸದವರ ಗಂಡಂದಿರ, ಇಸ್ತ್ರಿಯವರ ಸೈಕಲ್ ಸೇರಿ ಒಂಬತ್ತು ನಿಲ್ಲುತ್ತವೆ. ರಾತ್ರಿ ಪಾಳಿಯವರ ಯೂನಿಫಾರಂ ಕಡುನೀಲಿ ಷರ್ಟು, ಕಪ್ಪು ಪ್ಯಾಂಟು. ಟಾರ್ಚ್ ಹಾಕಿ ನೋಡಿದೆ. ಒಂಬತ್ತರಲ್ಲಿ ಏಳಕ್ಕೆ ಪೆಡಲ್ ರಿಫ್ಲೆಕ್ಟರೇ ಇಲ್ಲ, ಬರೀ ಖಾಲಿ ತೂತು. ದೀಪ ಒಂದಕ್ಕೂ ಇಲ್ಲ.

ಜೆ.ಸಿ. ರಸ್ತೆಗೆ ಹೋಗಿ ಲಾರಿಗೆ ಅಂಟಿಸೋ ರೇಡಿಯಂ ತಂದೆ. ಶನಿವಾರ ಸಂಜೆ ಪಾಳಿ ಬದಲಾಗೋ ಹೊತ್ತಿಗೆ ಎಲ್ಲರೂ ಸೇರಿ ಅಂಟಿಸಿದೆವು. ಮೊದಲು ಸೀಮೆಎಣ್ಣೆ ಬಟ್ಟೇಲಿ ಗ್ರೀಸ್ ಒರೆಸಿ, ಒಣಗಿಸಿ, ಪೆಡಲ್ ಕಡ್ಡಿಯ ಎರಡೂ ಮಗ್ಗುಲಿಗೆ ಸಣ್ಣ ಪಟ್ಟಿ, ಹಿಂದಿನ ಮಡ್‌ಗಾರ್ಡಿಗೆ ಕೆಂಪು, ಮುಂದೆ ಬಿಳಿ. ಹಿರಿಯ ಸೆಕ್ಯುರಿಟಿ ಅಣ್ಣ ಒಂದೇ ಷರತ್ತು ಹಾಕಿದರು. ಮಡ್‌ಗಾರ್ಡ್ ಮೇಲೆ ಅವರು ಬರೆಸಿದ್ದ ಮಗಳ ಹೆಸರು ಮುಚ್ಚಬಾರದು. ಹೆಸರಿನ ಕೆಳಗೆ ಅಂಟಿಸಿದೆವು. ಆಮೇಲೆ ಅವರನ್ನ ಗೇಟಿನ ಆಚೆ ತುಳಿಯೋಕೆ ಹೇಳಿ, ಇಲ್ಲಿಂದ ಕಾರಿನ ಹೆಡ್‌ಲೈಟ್ ಹಾಕಿ ನೋಡಿದೆವು. ರಸ್ತೆ ಕೊನೇ ತಿರುವಿನವರೆಗೂ ಎರಡು ಚುಕ್ಕಿ ಮೇಲೆ ಕೆಳಗೆ ಆಡ್ತಾ ಹೋದವು.

ಹೂವಿನವರನ್ನ ಇನ್ನೂ ಹುಡುಕ್ತಿದೀನಿ. ಸಾರಕ್ಕೀಲಿ ಬೆಳಗ್ಗೆ ಏಳೂಕಾಲಿಗೆ ಸಿಕ್ಕಿದ್ದರು, ಆಮೇಲೆ ಸಿಕ್ಕಿಲ್ಲ. ಆ ಕಡೆಯವರು ಯಾರಾದರೂ ನೋಡಿದರೆ ತಿಳಿಸಿ, ಒಂದು ಸುರುಳಿ ಬ್ಯಾಗಲ್ಲೇ ಇದೆ.

ದೂರವಾಣಿನಗರ_ಹಿರಿಯ

ಮಗಳೇ, ಪಟ್ಟಿಯ ಅಗಲ ಎಷ್ಟು? ನಮ್ಮ ಬೀದಿಯಲ್ಲಿ ಬೆಳಗ್ಗೆ ನಾಲ್ಕೂವರೆಗೆ ಪೇಪರ್ ಹಾಕುವ ಹುಡುಗರು ಐದು ಜನ ಇದ್ದಾರೆ.

ಕೋಣನಕುಂಟೆ_ಪೆಡಲ್

ಅಂಕಲ್, ಎರಡಿಂಚಿನದು ತಗೊಳ್ಳಿ, ಪೆಡಲ್ ಕಡ್ಡಿಗೆ ಉದ್ದುದ್ದ ಮೂರು ಸೀಳು ಮಾಡಬಹುದು. ಒಂದು ಸುರುಳಿ ಐದು ಸೈಕಲ್ಲಿಗೆ ಧಾರಾಳ ಸಾಕು. ಮಳೆ ಬಿದ್ದ ದಿನ ಅಂಟಿಸಬೇಡಿ, ಹಿಡಿಯಲ್ಲ.